ಮಹದೇವಮ್ಮ ಮಿಸ್ ಓದಿದ ಪಾಠಗಳು

ಪೆನ್‌ಡ್ರೈವಿನ ಜಾಗ ತೋರಿಸುವ ಪಟ್ಟಿ ಪೂರ್ತಿ ಕೆಂಪಗಿದೆ, ಈ ತುದಿಯಿಂದ ಆ ತುದಿಯವರೆಗೆ, ಎಂಟು ಜಿಬಿಯಲ್ಲಿ ಖಾಲಿ ಇರುವುದು ಹನ್ನೊಂದು ಎಂಬಿ ಎಂದು ಲ್ಯಾಪ್‌ಟಾಪು ತೋರಿಸುತ್ತಿದೆ, ಹನ್ನೊಂದು ಎಂಬಿಯಲ್ಲಿ ಏನು ಹಿಡಿದೀತು, ಹತ್ತು ಹನ್ನೆರಡು ನಿಮಿಷದ ಓದು ಹಿಡಿದೀತು, ಅಷ್ಟರಲ್ಲಿ ಒಂದು ಅಧ್ಯಾಯದ ಪೀಠಿಕೆಯೂ ಮುಗಿಯುವುದಿಲ್ಲ — ಮಹದೇವಮ್ಮ ಕನ್ನಡಕವನ್ನು ಮೇಲಕ್ಕೆ ಸರಿಸಿಕೊಂಡು ಹೆಸರುಗಳ ಸಾಲನ್ನು ಉರುಳಿಸುತ್ತಾಳೆ, ಇತಿಹಾಸ ಒಂದು, ಇತಿಹಾಸ ಎರಡು, ರಾಜ್ಯಶಾಸ್ತ್ರ ಹದಿನಾಲ್ಕು, ಎಲ್ಲ ತಾನೇ ಇಟ್ಟ ಹೆಸರುಗಳು, ತಾನೇ ಗಟ್ಟಿಯಾಗಿ ಓದಿ ರೆಕಾರ್ಡು ಮಾಡಿದ ಪಾಠಗಳು, ನೂರ ಮೂವತ್ತೆರಡಿವೆ, ಒಂದೊಂದೂ ಒಂದು ಗಂಟೆಯದು, ಹಗಲೂ ಇರುಳೂ ಬಾಯಿ ಮುಚ್ಚದೆ ಐದೂವರೆ ದಿವಸ ಮಾತಾಡಿದಷ್ಟಾಯಿತು, ಈಗ ಒಂದಕ್ಷರ ಆಡಲಾಗದವಳು ಐದೂವರೆ ದಿವಸ ಮಾತಾಡಿ ಈ ಹೆಬ್ಬೆರಳಿನಷ್ಟು ಕಡ್ಡಿಯೊಳಗೆ ತುಂಬಿಟ್ಟಿದ್ದಾಳೆ. ಪಕ್ಕದ ಬೆತ್ತದ ಕುರ್ಚಿಯಲ್ಲಿ ರಕ್ಷಿತಾ ಚಕ್ಕುಲಿ ಮುರಿಯುತ್ತಿದ್ದಾಳೆ, ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ, ನರಸೀಪುರದ ಕಡೆಯವಳು, ಹಾಸ್ಟೆಲಿನಲ್ಲಿದ್ದು ಬಿಎ ಮಾಡಿದಳು, ಈಗ ಶ್ರೀರಾಂಪುರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾಳೆ, ಅವಳಿಗೆ ಓದುವುದೆಂದರೆ ಕೇಳುವುದು, ಗುಂಡಿಗಳಿರುವ ಪುಟ್ಟ ಪ್ಲೇಯರಿಗೆ ಈ ಪೆನ್‌ಡ್ರೈವ್ ಸಿಕ್ಕಿಸಿಕೊಂಡು ಕೇಳುವುದು, ಬ್ಯಾಂಕಿನ ಪಾಠಗಳನ್ನು ಎರಡು ರಸ್ತೆ ಆಚೆಯ ಸುಷ್ಮಾ ಓದಿ ಕೊಟ್ಟಿದ್ದಾಳೆ, ಎಳೆ ದನಿ, ತುಸು ಅವಸರ, ಆದರೆ ಉಚ್ಚಾರ ಚೆನ್ನ, ಅವನ್ನೆಲ್ಲ ಇದಕ್ಕೆ ಹಾಕಬೇಕು, ಹಾಕುವುದಕ್ಕೆ ಜಾಗವಿಲ್ಲ. ಹಳೇ ಬಿಎ ಪಾಠ ಎಲ್ಲಾ ತೆಗೆದ್ಬುಡಿ ಮಿಸ್, ಅಂದಳು ಬಂದು ಕೂತ ಕೂಡಲೇ, ಎಷ್ಟು ಸಲೀಸಾಗಿ ಅಂದಳು, ಕಪಾಟಿನ ಹಳೇ ಪೇಪರು ತೆಗೆದು ರದ್ದಿಗೆ ಹಾಕಿ ಅಂದ ಹಾಗೆ, ಮತ್ತು ಗಂಡ ವಿಶ್ವನಾಥ್ ಚಪ್ಪಲಿ ಮೆಟ್ಟಿಕೊಂಡು ಸುಷ್ಮಾಳ ಮನೆಯಿಂದ ಹೊಸ ಪಾಠಗಳನ್ನು ತರಲು ಹೊರಟವರು ಬಾಗಿಲಲ್ಲಿ ನಿಂತು, ಬೇರೆ ಒಂದು ತಂದ್ಬಿಡ್ತೀನಿ ಕಣೇ, ಇದು ಹಿಂಗೇ ಇರ್ಲಿ, ಅಂದರು, ಅವರ ಕಣ್ಣಲ್ಲಿ ಆಸೆಯಿತ್ತು, ಮಹದೇವಮ್ಮ ಬೇಡವೆಂದು ತಲೆಯಾಡಿಸಿದಳು, ಎರಡು ಸಲ ಆಡಿಸಿದಳು, ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳಿದ ತಲೆ ಈಗ ಹೌದು ಇಲ್ಲ ಎರಡನ್ನೇ ಹೇಳುವುದು.

ಮೊದಲನೆಯ ಪಾಠ ಓದಿದ್ದು ಇದೇ ಮೇಜಿನಲ್ಲಿ, ನಿವೃತ್ತಿಯಾದ ವರ್ಷ, ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಬೆವರು ಸುರಿಸಿಕೊಂಡು, ಆದರೂ ಚಾಮರಾಜಪುರಂನ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವಾಗ ಯಾವ ಕಿಟಕಿ ಮುಚ್ಚಿದರೆ ಏನು, ಸೊಪ್ಪಿನವಳು ಕೂಗಿಕೊಂಡು ಹೋದಳು, ಪಕ್ಕದ ಮನೆಯ ಮಿಕ್ಸಿ ತಿರುಗಿತು, ರೈಲು ಕೂಗಿತು, ಎಲ್ಲ ಪಾಠದೊಳಗೆ ಹೋಗಿ ಕೂತವು, ಅಯ್ಯೋ ಕೆಟ್ಟುಹೋಯಿತು ಮತ್ತೊಮ್ಮೆ ಓದುತ್ತೇನಮ್ಮ ಅಂದರೆ ಈ ಹುಡುಗಿ ಬೇಡವೇ ಬೇಡ ಅಂದಳು, ಅಂಗೇ ಇರ್ಲಿ ಮಿಸ್, ನನ್ಗೆ ಅದೇ ಗುರುತು. ಹಾಗೆ ಪಾಠಗಳಿಗೆಲ್ಲ ಅವಳು ಬೇರೆಯೇ ಹೆಸರಿಟ್ಟಳು, ಸೊಪ್ಪಿನ ಪಾಠ ಎಂದರೆ ವಿಜಯನಗರದ ಕಂದಾಯ, ರೈಲಿನ ಪಾಠ ಎಂದರೆ ಮೂಲಭೂತ ಹಕ್ಕುಗಳು, ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದ ತಕ್ಷಣ ಮೊದಲು ರೈಲು ಕೂಗೋದು ನೆಪ್ಪಿಗೆ ಬರುತ್ತೆ, ಆಮೇಲೆ ನಿಮ್ಮ ದನಿ, ಆಮೇಲೆ ಉತ್ತರ, ಎಂದು ನಕ್ಕಿದ್ದಳು, ಉತ್ತರವನ್ನು ಪಕ್ಕದಲ್ಲಿ ಕೂತ ಬರಹಗಾರ್ತಿ ಬರೆದುಕೊಳ್ಳುತ್ತಾಳಂತೆ, ಅವಳಿಗೆ ಹೇಳುವಾಗಲೂ ಮಿಸ್ ನಿಮ್ಮ ಧಾಟೀಲೇ ಹೇಳ್ತೀನಿ, ಪೂರ್ಣವಿರಾಮ ಬಂದ ಕಡೆ ನೀವು ನಿಲ್ಸೋ ಹಂಗೇ ನಿಲ್ಸ್ತೀನಿ. ಹಾಗಾದರೆ ತನ್ನ ದನಿ ಹೋಗಿಲ್ಲ, ಈ ಹುಡುಗಿಯ ನಾಲಿಗೆಯ ಮೇಲೆ ಒಂದಿಷ್ಟು ಉಳಿದಿದೆ ಎಂದುಕೊಳ್ಳಬಹುದು, ಆದರೆ ಅಂಥ ಸಮಾಧಾನ ಗಂಟೆ ಹೊತ್ತು ನಿಲ್ಲುವುದಿಲ್ಲ, ಬೆಳಿಗ್ಗೆ ಕಾಫಿ ಲೋಟ ತುಟಿಯ ಹತ್ತಿರ ತಂದು ಆರಲೆಂದು ಊದಲು ಹೋಗುತ್ತಾಳೆ, ಗಾಳಿ ಬರುವುದಿಲ್ಲ, ಆಪರೇಷನ್ನಿನಲ್ಲಿ ಬಾಯಿಗೂ ಎದೆಗೂ ಸಂಬಂಧ ತಪ್ಪಿ ಎಂಟು ತಿಂಗಳಾಯಿತು, ತುಟಿಗಳಿಗೆ ಇನ್ನೂ ಅದು ತಿಳಿದಿಲ್ಲ, ಒಗ್ಗರಣೆ ಸೀದರೂ ವಾಸನೆ ಬಡಿಯುವುದಿಲ್ಲ, ಮೂಗಿನಲ್ಲಿ ಗಾಳಿ ಆಡಿದರೆ ತಾನೇ ವಾಸನೆ, ತಲೆಗೆ ನೀರು ಹಾಕಿಕೊಳ್ಳುವಾಗ ವಿಶ್ವನಾಥ್ ಬಚ್ಚಲ ಬಾಗಿಲಲ್ಲೇ ನಿಂತಿರುತ್ತಾರೆ, ಉಸಿರಾಡಲು ಮಾಡಿದ ಕೊರಳ ತೂತಿಗೆ ಒಂದು ಹನಿ ಇಳಿದರೆ ಉಸಿರು ಕಟ್ಟಿಹೋಗುತ್ತದೆಂದು ಹೆದರಿಕೆ, ತೂತಿನ ಮೇಲೊಂದು ಬಿಳಿ ಬಟ್ಟೆ, ಮಕ್ಕಳಿಗೆ ಕಟ್ಟುವ ಜೊಲ್ಲುಬಟ್ಟೆಯ ಹಾಗೆ, ಅದರ ಕೆಳಗೆ ಶಿವದಾರ, ಲಿಂಗದ ಕರಡಿಗೆ, ಪೂಜೆಗೆ ಕೂತಾಗ ತುಟಿ ಮಾತ್ರ ಆಡುತ್ತದೆ, ಶಿವನಿಗೆ ಅದೂ ಕೇಳಿಸುತ್ತದೆಂದು ಮಠದಲ್ಲಿ ಹಿರಿಯರು ಹೇಳಿ ಕಳಿಸಿದರು, ಅವನಿಗೆ ಕೇಳಿಸಬಹುದು, ಅಡುಗೆ ಮನೆಯಿಂದ ನಡುಮನೆಯವರೆಗೆ ಕೇಳಿಸುವುದಿಲ್ಲವಲ್ಲ.

ವಿಶ್ವನಾಥರಿಗೆ ಮೊದಲೇ ಕಿವಿ ಮಂದ, ಹೆಬ್ಬಾಳದ ಕಾರ್ಖಾನೆಯಲ್ಲಿ ತಗಡು ಒತ್ತುವ ಮಿಷನ್ನಿನ ಪಕ್ಕ ಇಪ್ಪತ್ತೊಂಬತ್ತು ವರ್ಷ ನಿಂತು ಎಡಗಿವಿ ಪೂರ್ತಿ ಹೋಗಿ ಬಲಗಿವಿ ಅರ್ಧ ಉಳಿದಿದೆ, ಆ ಅರ್ಧ ಕಿವಿಗೆ ತಲುಪಲೆಂದು ಮದುವೆಯಾದಾಗಿನಿಂದ ದನಿ ಎತ್ತರಿಸಿ ಎತ್ತರಿಸಿಯೇ ಮಾತಾಡಿದ್ದು, ಮಹದೇವಮ್ಮ ಜಗಳಗಂಟಿ ಎಂದು ಬೀದಿಯವರು ತಿಳಿದುಕೊಳ್ಳುವಷ್ಟು ಎತ್ತರಿಸಿ, ಆಸ್ಪತ್ರೆಯಲ್ಲಿ ಟಾರ್ಚಿನಂಥದ್ದೊಂದು ಕೊಟ್ಟರು, ಗಂಟಲಿಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಗುಂಯ್ಯೆಂದು ಮಾತು ಬರುತ್ತದೆ, ಮನೆಗೆ ಬಂದ ದಿನ ಅದನ್ನು ಒತ್ತಿಕೊಂಡು ರೀ ಊಟಕ್ಕೆ ಬನ್ನಿ ಎಂದಳು, ಅವರು ತಿರುಗಿ ಯಾವುದೋ ಮೋಟರು ಕೆಟ್ಟಿದೆಯೇ ಎಂದು ಗೋಡೆಯ ಕಡೆ ನೋಡಿದರು, ಅಂದೇ ಬೀರುವಿನಲ್ಲಿಟ್ಟು ಬಾಗಿಲು ಹಾಕಿದಳು. ಹೋದ ವಾರ ಸುಷ್ಮಾ ಈ ಪೆನ್‌ಡ್ರೈವನ್ನು ರಕ್ಷಿತಾಳಿಂದ ಇಸಿದುಕೊಂಡು ಬಂದು ಕೊಟ್ಟು ಹೋದಳು, ಇವಳು ಮುಟ್ಟದೆ ಟಿವಿಯ ಹತ್ತಿರ ಇಟ್ಟಳು, ಮಾರನೆಯ ದಿನ ಸಂಜೆ ನಾಲ್ಕು ಗಂಟೆಗೆ ಕಾಫಿಗೆ ಹುಡುಕಿದರೆ ಗಂಡ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಬಲಗಿವಿಗೆ ಇಯರ್‌ಫೋನು ಒತ್ತಿ ಕೂತಿದ್ದಾರೆ, ಸಕ್ಕರೆ ಕದ್ದ ಹುಡುಗನ ಮುಖ, ಅದರ ಮರುದಿನವೂ, ಮೂರನೆಯ ದಿನವೂ, ಎಂಟನೇ ಕ್ಲಾಸಿಗೆ ಇತಿಹಾಸ ಬಿಟ್ಟು ಐಟಿಐ ಸೇರಿದ ಮನುಷ್ಯ ದಿವಾನರ ಆಡಳಿತ ಭಾಗ ಎರಡನ್ನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಾರೆ. ಏನು ಕೇಳ್ತಿದೀರಿ ಎಂದು ಸನ್ನೆ ಮಾಡಿದ್ದಕ್ಕೆ ಇಯರ್‌ಫೋನು ಕಿತ್ತು ಇವಳ ಕಡೆ ಚಾಚಿದರು, ಇವಳ ಕಿವಿಯಲ್ಲಿ ಇವಳೇ, ದಿವಾನರು ರೈಲು ಮಾರ್ಗಗಳನ್ನು ವಿಸ್ತರಿಸಿದರು, ರೀ, ಕುಕ್ಕರ್ ಮೂರು ಕೂಗಾಯ್ತು, ಆಫ್ ಮಾಡ್ರೀ, ರೀ, ಕೇಳಿಸ್ತೇನ್ರೀ, ಅಯ್ಯೋ ಶಿವನೇ, ನೀರಾವರಿಗೆ ಒತ್ತು ನೀಡಿದರು — ಓದುವಾಗ ಬಾಯಿಂದ ಬಂದದ್ದು, ಅಳಿಸಲು ಮರೆತದ್ದು, ರಕ್ಷಿತಾ ಅದಕ್ಕೆ ಕುಕ್ಕರ್ ಪಾಠ ಎಂದೇ ಹೆಸರಿಟ್ಟಿದ್ದಾಳೆ — ಅಷ್ಟನ್ನು ಮುಗಿಸಿ ಅವರು ಮತ್ತೆ ಹಿಂದಕ್ಕೆ ಒತ್ತಿ ಮತ್ತೆ ಅಷ್ಟನ್ನೇ ಕೇಳುತ್ತಾರೆ. ಅವರ ಮುಖದ ಮೇಲಿದ್ದ ನಗು, ಅಂಥ ನಗುವನ್ನು ತನ್ನ ಕಡೆ ನೋಡಿ ಅವರು ನಕ್ಕು ಎಂಟು ತಿಂಗಳಾಯಿತು, ತನ್ನನ್ನು ನೋಡಿದರೆ ಅವರ ಕಣ್ಣು ಮೊದಲು ಬಟ್ಟೆಯ ಕಡೆ ಹೋಗುತ್ತದೆ, ಒದ್ದೆಯಾಗಿದೆಯೇ, ಬದಲಾಯಿಸಬೇಕೇ, ನರ್ಸಿನ ಕಣ್ಣು, ಇಯರ್‌ಫೋನಿನೊಳಗಿನ ಹೆಂಗಸಿನ ಹತ್ತಿರ ಮಾತ್ರ ಅವರು ಗಂಡನಾಗಿ ಕೂತಿದ್ದಾರೆ, ಸವತಿ, ಬೇರೆ ಯಾರೋ ಆಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು, ಅದಕ್ಕೂ ದನಿ ಬೇಕು, ಆ ದನಿಯೂ ಅವಳ ಹತ್ತಿರವೇ ಇದೆ.

ಆದ್ದರಿಂದ ಅಳಿಸುವುದು ತನಗೇನೂ ಕಷ್ಟವಲ್ಲ ಎಂದುಕೊಂಡೇ ಕೂತದ್ದು, ಹಳೆಯ ಕಂಪ್ಯೂಟರು ಹೋದ ವರ್ಷ ಕೆಟ್ಟು ಅದರಲ್ಲಿದ್ದದ್ದೆಲ್ಲ ಹೋಯಿತು, ಈಗ ಎಲ್ಲಿಯೂ ಇಲ್ಲ, ಇಲ್ಲಿ ಮಾತ್ರ, ಇದನ್ನೂ ಒರೆಸಿದರೆ ಮನೆಯಲ್ಲಿ ಒಬ್ಬಳೇ ಹೆಂಗಸು ಉಳಿಯುತ್ತಾಳೆ, ಮಾತಾಡದಿದ್ದರೂ ಒಬ್ಬಳೇ — ಆದರೂ ಕೈ ಕುಕ್ಕರ್ ಪಾಠವನ್ನು ಹಿಡಿದು ಎಳೆದು ಲ್ಯಾಪ್‌ಟಾಪಿನೊಳಗೆ ಇಟ್ಟಿತು, ಅದೊಂದು ಇರಲಿ, ಅವರಿಗೆ, ಅಷ್ಟು ವರ್ಷ ಕೂಗಿಸಿಕೊಂಡವರು, ಅಷ್ಟೂ ಇಲ್ಲದಿದ್ದರೆ ಹೇಗೆ. ಆಮೇಲೆ ಪಟ್ಟಿಯ ಕೊನೆಗೆ ಬಂದಳು, ಮೊದಲು ಅಳಿಸಬೇಕಾದವು ಅಲ್ಲಿವೆ, ಕೊನೆಯ ವರ್ಷದ ಹದಿನೇಳು ಪಾಠ, ಇವು ಈ ಹುಡುಗಿಯ ಕೈಯಲ್ಲಿ ಇರಬಾರದು, ಹೊಸ ಪೆನ್‌ಡ್ರೈವ್ ಬೇಡವೆಂದು ತಲೆಯಾಡಿಸಿದ್ದು ಇವಕ್ಕೋಸ್ಕರವೇ, ಸವತಿಗೋಸ್ಕರ ಅಲ್ಲ, ಗಂಡನಿಗೆ ಅದನ್ನು ತಿಳಿಸಿ ಹೇಳಲು ಎಷ್ಟು ಚೀಟಿ ಬರೆಯಬೇಕು. ಇತಿಹಾಸ ನಲವತ್ತೊಂದರ ಮೇಲೆ ಒತ್ತಿ ಇಯರ್‌ಫೋನಿನಲ್ಲಿ ಅರ್ಧ ನಿಮಿಷ ಕೇಳುತ್ತಾಳೆ, ದನಿಯ ಅಂಚು ಹರಿದಿದೆ, ಗಂಜಿ ಹಾಕದ ಸೀರೆಯ ಹಾಗೆ ಜೋಲುತ್ತದೆ, ನಡುವೆ ಕೆಮ್ಮು, ಕ್ಷಮಿಸು ರಕ್ಷಿತಾ, ಮತ್ತೆ ಓದು, ಮತ್ತೆ ಕೆಮ್ಮು. ನವೆಂಬರಿನಲ್ಲಿ ಮೊದಲು ಗುರುತಿಸಿದ್ದು ಈ ಹುಡುಗಿಯೇ, ಡಾಕ್ಟರಲ್ಲ, ಗಂಡನಲ್ಲ, ಫೋನು ಮಾಡಿ ಕೇಳಿದಳು, ಮಿಸ್, ನೆಗಡಿಯಾ, ಇಲ್ಲವಮ್ಮ ಅಂದದ್ದಕ್ಕೆ, ನಿಮ್ಮ ದನಿಯೊಳಗೆ ಮರಳು ಸೇರ್ಕಂಡದೆ ಮಿಸ್, ನೆಗಡಿ ಮರಳು ಇಂಗಿರಲ್ಲ, ಯಾರ್ಗಾದ್ರೂ ತೋರಿಸ್ಕಳಿ, ಅಂದಳು. ತೋರಿಸಿಕೊಂಡರೆ ಮಾತಾಡಬೇಡಿ ಎನ್ನುತ್ತಾರೆ, ಹದಿನೇಳು ಪಾಠ ಬಾಕಿ ಇದೆ, ಜೂನಿಗೆ ಕೊನೆಯ ಪರೀಕ್ಷೆ, ಆ ಪುಸ್ತಕ ಬೇರೆ ಯಾರೂ ಓದಿಟ್ಟಿಲ್ಲ, ಮುಗಿಸಿಯೇ ಹೋಗೋಣ ಎಂದುಕೊಂಡಳು, ಜೇನುತುಪ್ಪ ನೆಕ್ಕಿದಳು, ಮೆಣಸಿನ ಕಷಾಯ ಕುಡಿದಳು, ಡಿಸೆಂಬರು, ಜನವರಿ, ಶಿವರಾತ್ರಿ, ಯುಗಾದಿ, ಅದರ ಮೇಲೂ ಎರಡು ತಿಂಗಳು, ಹದಿನೇಳನೆಯ ಪಾಠವನ್ನು ಪಿಸುಮಾತಿನಲ್ಲಿ ಓದಿ ಮುಗಿಸಿದಳು. ಜೂನಿನಲ್ಲಿ ಡಾಕ್ಟರು ಗಂಟಲಿನ ಫೋಟೋ ಹಿಡಿದು ನೋಡುತ್ತಾ, ಆರು ತಿಂಗಳು ಮುಂಚೆ ಬಂದಿದ್ರೆ ದನಿ ಉಳಿಸ್ಕೊಂಡೇ ಏನಾದ್ರೂ ಮಾಡ್ಬೋದಿತ್ತೇನೋಮ್ಮ, ಈಗ ಧ್ವನಿಪೆಟ್ಟಿಗೇನೇ ತೆಗೀಬೇಕು, ಎಂದರು, ಮೆಲ್ಲಗೇ ಎಂದರು, ಆರು ತಿಂಗಳು ಎಂಬುದು ಮಾತ್ರ ಮೆಲ್ಲಗೆ ಕೇಳಿಸಲಿಲ್ಲ. ರಕ್ಷಿತಾ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಊರಿಗೆ ಹೋಗಿದ್ದಳು, ಗಂಟಲು ಆಪರೇಷನ್ ಆಗಿದೆ, ಮಾತಾಡಂಗಿಲ್ಲ ಎಂದಷ್ಟೇ ಫೋನಿನಲ್ಲಿ ವಿಶ್ವನಾಥ್ ಹೇಳಿದರು, ಅದಕ್ಕಿಂತ ಹೆಚ್ಚು ಹೇಳಬೇಡಿ ಎಂದು ಇವಳೇ ಚೀಟಿ ಬರೆದು ಕೈಗೆ ಕೊಟ್ಟಿದ್ದಳು. ಶಾಶ್ವತವಾಗಿ ಅಳಿಸಬೇಕೆ ಎಂದು ಪರದೆ ಇಂಗ್ಲಿಷಿನಲ್ಲಿ ಕೇಳುತ್ತದೆ, ಹೌದು, ನಲವತ್ತೆರಡು, ಹೌದು, ನಲವತ್ತಮೂರು, ಹೌದು, ಕೆಮ್ಮುಗಳು ಒಂದೊಂದಾಗಿ ಹೋಗುತ್ತಿವೆ, ನಾಳೆ ಯಾವಾಗಲೋ ಬಿಡುವಾಗಿ ಕೂತು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾ ಈ ಹುಡುಗಿ ತಿಂಗಳು ಎಣಿಸಬಾರದು, ನವೆಂಬರಿನಲ್ಲಿ ಹೇಳಿದ್ದೆ, ಜೂನಿನವರೆಗೆ ಓದಿದರು, ಯಾರಿಗಾಗಿ ಓದಿದರು ಎಂದು ಎಣಿಸಬಾರದು, ಎಣಿಸುವುದರಲ್ಲಿ ಜಾಣೆ, ಮೆಟ್ಟಿಲು, ಬಸ್ಸಿನ ಸ್ಟಾಪು, ಹೆಜ್ಜೆ, ಎಲ್ಲ ಎಣಿಸಿಕೊಂಡೇ ಬದುಕುವವಳು.

ಎಷ್ಟಾಯ್ತು ಮಿಸ್, ಅರ್ಧ ಆಯ್ತಾ, ಎಂದಳು ರಕ್ಷಿತಾ ಚಕ್ಕುಲಿಯ ತಟ್ಟೆಯನ್ನು ಕೈಯಿಂದ ತಡವಿ ಮೇಜಿನ ಮೇಲಿಡುತ್ತಾ. ಇವಳು ಗೆಣ್ಣಿನಿಂದ ಮೇಜನ್ನು ಒಂದು ಸಲ ತಟ್ಟಿದಳು. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ, ಆ ಏರ್ಪಾಡು ಮಾಡಿಕೊಟ್ಟದ್ದು ರಕ್ಷಿತಾಳೇ, ಹುಡುಗಿ ಊರಿನಿಂದ ಮರಳಿದ ಹೊಸದರಲ್ಲಿ ಮಹದೇವಮ್ಮ ಫೋನಿನಲ್ಲಿ ಬೆರಳಚ್ಚು ಮಾಡಿ ಫೋನಿನ ಕೈಲೇ ಓದಿಸಿದ್ದಳು, ಚೆನ್ನಾಗಿದೀಯಾ ರಕ್ಷಿತಾ ಎಂದು ಫೋನು ಕೇಳಿದ ಕೂಡಲೇ ಹುಡುಗಿ ಕಿಲಕಿಲ ನಕ್ಕು, ಅಯ್ಯೋ ಮಿಸ್, ಇವ್ಳು ನನ್ ಫೋನಲ್ಲಿರೋ ಹೆಂಗ್ಸೇ, ದಿನವೆಲ್ಲಾ ಇವ್ಳನ್ನೇ ಕೇಳ್ತೀನಿ, ನಿಮ್ಮನೇಲೂ ಇವ್ಳೇನಾ, ನೀವು ಮೇಜು ತಟ್ಟಿ ಸಾಕು, ಅಂದಳು. ಕಣ್ಣು ಕಾಣದವಳ ಎದುರು ದನಿಯಿಲ್ಲದವಳು ಇದ್ದೂ ಇಲ್ಲ, ತುಟಿ ಆಡಿಸಿದರೆ ಕಾಣದು, ಕೈ ಆಡಿಸಿದರೆ ಕಾಣದು, ಚೀಟಿ ಬರೆದರೆ ಕಾಣದು, ಎದ್ದು ಅಡುಗೆ ಮನೆಗೆ ಹೋಗಿ ಬಂದರೆ ಮಿಸ್ ಇದೀರಾ ಎಂದು ಗಾಳಿಯನ್ನು ಕೇಳುತ್ತಾಳೆ, ಇದ್ದೇನೆ, ಟಕ್. ಎಲ್ಲಾ ತೆಗೀರಿ ಮಿಸ್, ಬೇಜಾರಿಲ್ಲ, ಎಂದಳು ಹುಡುಗಿ, ಮೊದ್ಲು ನಾನೂ ಅಳಿಸ್ಬಾರ್ದು ಅಂತಲೇ ಇದ್ದೆ, ಆಮೇಲೆ ಅನ್ಕಂಡೆ, ಮಿಸ್‌ಗೆ ಗಂಟ್ಲು ವಾಸಿಯಾದ್ಮೇಲೆ ಮತ್ತೆ ಓದಿ ಕೊಡ್ತಾರಲ್ಲ, ಎಂಎ ಕಟ್ಟಿದ್ರೆ ಹೊಸಾವೇ ಓದಿ ಕೊಡ್ತಾರೆ, ಹಳೇದ್ಯಾಕೆ. ಪರದೆಯಲ್ಲಿ ಕೆಂಪು ಹೋಗಿ ನೀಲಿಯಾಗಿದೆ, ನೀಲಿ ಕುಗ್ಗುತ್ತಿದೆ, ರೈಲಿನ ಪಾಠ ಹೋಯಿತು, ಸೊಪ್ಪಿನ ಪಾಠ ಹೋಯಿತು, ಇವಳು ಈಗ ನಿಧಾನಿಸುತ್ತಿಲ್ಲ, ಮೇಲಿನಿಂದ ಕೆಳಕ್ಕೆ ಒಟ್ಟಿಗೆ ಹಿಡಿದು, ಹೌದು, ಹಸಿರು ಗೆರೆ ಎಡದಿಂದ ಬಲಕ್ಕೆ ಓಡಿ ಮುಟ್ಟಿತು, ಐದೂವರೆ ದಿವಸ ಒಂದು ನಿಮಿಷಕ್ಕೆ ಮುಗಿಯಿತು, ಫೋಲ್ಡರಿನೊಳಗೆ ಏನೂ ಇಲ್ಲ ಎಂದು ಬರೆದಿದೆ, ಆಯಿತು ಎಂಬಂತೆ ಒಂದು ಸಲ ತಟ್ಟಿದಳು.

ಥ್ಯಾಂಕ್ಸ್ ಮಿಸ್, ಎಂದಳು ರಕ್ಷಿತಾ, ತಲೆ ಒಂದು ಪಕ್ಕಕ್ಕೆ ವಾಲಿದೆ, ಏನನ್ನೋ ಕಿವಿಯಲ್ಲಿ ಹುಡುಕುತ್ತಿದ್ದಾಳೆ, ಒಂದು ಕೇಳ್ಲಾ, ನಿಮ್ಮ ದನಿ ಯಾವಾಗ ಬರುತ್ತಂತೆ, ಈ ವರ್ಷ ಬರುತ್ತಾ. ಒಂದು ತಟ್ಟಬಹುದು, ಎರಡು ತಟ್ಟಬಹುದು, ಗೆಣ್ಣು ಮೇಜಿನಿಂದ ಒಂದು ಗೇಣು ಮೇಲೆ ಎತ್ತಿದ್ದು ಅಲ್ಲೇ ನಿಂತಿದೆ, ಮೂವತ್ತು ವರ್ಷದಲ್ಲಿ ಯಾವ ಮಗುವಿಗೂ ತಪ್ಪು ಉತ್ತರ ಹೇಳಿಕೊಟ್ಟವಳಲ್ಲ, ವಿಶ್ವನಾಥ್ ಬಂದುಬಿಡಬಾರದೇ, ಸುಷ್ಮಾ ಕಾಫಿ ಕೊಟ್ಟು ಕೂರಿಸಿಕೊಂಡಿರಬೇಕು. ನೀವು ನನ್ನ ಪಕ್ಕದಲ್ಲೇ ಕೂತಿದೀರಿ ಮಿಸ್, ಎಂದಳು ರಕ್ಷಿತಾ, ದನಿ ಇಳಿದಿದೆ, ಆದ್ರೆ ನಿಮ್ಮ ಉಸಿರು ಬಾಯಿ ಇರೋ ಕಡೆಯಿಂದ ಬರ್ತಿಲ್ಲ, ಕೆಳಗಿಂದ ಬರ್ತದೆ, ಬಂದಾಗ್ಲಿಂದ ಕೇಳ್ತಾ ಇದೀನಿ, ಮುಟ್ಟಿ ನೋಡ್ಲಾ. ಬೇಡ ಎನ್ನಲು ಎರಡು ಸಲ ತಟ್ಟಿದರೆ ಸಾಕಿತ್ತು, ತಟ್ಟಲಿಲ್ಲ, ಎತ್ತಿದ ಕೈ ಮೇಜಿನ ಮೇಲೆ ಇಳಿಯಿತು, ಇನ್ನೊಂದು ಕೈ ಹುಡುಗಿಯ ಕೈಯನ್ನು ಹಿಡಿದು ತಂದಿತು, ಬಟ್ಟೆಯ ತುದಿ ಎತ್ತಿ ಕೊಟ್ಟಿತು, ಎರಡು ಬೆರಳು, ಉಗುರು ಗಿಡ್ಡಗೆ ಕತ್ತರಿಸಿದ ಎರಡು ಬೆರಳು ಶಿವದಾರವನ್ನು ದಾಟಿ, ಎಲುಬಿನ ಹಳ್ಳವನ್ನು ದಾಟಿ, ತೂತಿನ ಅಂಚಿಗೆ ಬಂದು ನಿಂತವು, ಗಂಡನೂ ಹತ್ತಿಯಿಂದ ಮಾತ್ರ ಮುಟ್ಟುವ ಜಾಗ. ಇದು ಮುಚ್ಚಲ್ವಾ ಮಿಸ್. ಟಕ್ ಟಕ್. ಬೆರಳುಗಳು ಹಿಂದೆ ಸರಿಯಲಿಲ್ಲ, ಬಿಸಿ ಗಾಳಿ ಅವುಗಳ ಮೇಲೆ ಹೋಗುತ್ತಿದೆ, ಬರುತ್ತಿದೆ, ಹುಡುಗಿಯ ಕಾಣದ ಕಣ್ಣುಗಳ ರೆಪ್ಪೆ ಬೇಗ ಬೇಗ ಬಡಿಯುತ್ತಿದೆ, ಎಣಿಸುತ್ತಿದ್ದಾಳೆ, ಅಳಿಸಿದ್ದೆಲ್ಲ ಅವಳಿಗೆ ಬಾಯಿಪಾಠ ಎಂಬುದು ತನಗೆ ಹೇಗೆ ಮರೆತುಹೋಯಿತು, ಪ್ರತಿ ಕೆಮ್ಮೂ ಬಾಯಿಪಾಠ ಇರುತ್ತದೆ, ನಾನು ಹೇಳ್ದಾಗ ಹೋಗ್ನಿಲ್ವಾ ಮಿಸ್, ಎಂದಳು, ನನ್ ಪಾಠ ಮುಗೀಲಿ ಅಂತ ಹೋಗ್ನಿಲ್ವಾ. ಟಕ್ ಟಕ್, ಇಲ್ಲ, ಅದಕ್ಕಲ್ಲ, ಟಕ್ ಟಕ್, ಗೆಣ್ಣು ನೋಯುವಷ್ಟು ಗಟ್ಟಿಯಾಗಿ ತಟ್ಟಿದಳು, ನಿನಗೋಸ್ಕರ ಅಲ್ಲ, ಕೈ ಸುಳ್ಳನ್ನು ಸರಿಯಾಗಿಯೇ ಹೇಳಿತು, ಆದರೆ ತಟ್ಟುವಾಗ ಉಸಿರು ನಿಂತಿತ್ತು, ಬಿಗಿಹಿಡಿದು ನಿಂತಿತ್ತು, ನಿಂತದ್ದು ಎರಡು ಬೆರಳಿಗೆ ಗೊತ್ತಾಗಿದೆ, ಹೊರಗೆ ಗೇಟು ಕಿರ್ರೆಂದಿತು, ಚಪ್ಪಲಿ ಸದ್ದು, ವಿಶ್ವನಾಥ್, ಇರಲಿ, ಬೆರಳುಗಳು ಅಲ್ಲೇ ಇವೆ, ಉಸಿರು ಮತ್ತೆ ಬರಲೆಂದು ಕಾಯುತ್ತಾ ಅಲ್ಲೇ ಇವೆ, ಎರಡು ಬೆರಳು, ತೂತಿನ ಅಂಚಿನಲ್ಲಿ, ಎರಡು ಬೆರಳು —